ಹಳೇ ಜೀಪ್ ಪಿಕಪ್‌ನ ಕ್ಲಚ್ ಸೆಟ್ ಮಾಡುವುದು ಹೇಗೆ

ನಮ್ಮ ಮನೆಯಲ್ಲಿ ಒಂದು 1968ರ ಪೆಟ್ರೋಲ್ ಜೀಪ್ ಇದೆ. ಮಹೀಂದ್ರ ಸಿಜೆ-3ಬಿ. ಎಡಗಡೆ ಸ್ಟಿಯರಿಂಗ್. ಹಿಂದೆ ‘ಲೆಫ್ಟ್ ಹ್ಯಾಂಡ್ ಡ್ರೈವ್’ ಅಂತ ಬರೆದದ್ದು ಮಾಸಿದ್ದರೂ ಇನ್ನೂ ಓದಬಹುದು. ಅಪ್ಪ ಹಿಂದಿನ ಸೀಟು ಕಿತ್ತು ಪಿಕಪ್ ಬಾಡಿ ಕಟ್ಟಿಸಿದ್ದರು. ಗೊಬ್ಬರ, ಕಾಫಿ ಚೀಲ, ಹಂಚು, ಒಮ್ಮೊಮ್ಮೆ ಕರು, ಎಲ್ಲ ಅದರಲ್ಲೇ.

ಗಾಡಿ ನನ್ನ ಕೈಗೆ ಬಂದಾಗ ಕ್ಲಚ್ ಪೆಡಲ್ ಮೊದಲ ಒಂದು ಇಂಚು ಸುಮ್ನೆ ಕೆಳಗೆ ಹೋಗುತ್ತಿತ್ತು. ಇದೇನಪ್ಪ ಇಷ್ಟು ಲೂಸು ಅಂತ ನಾನೇ ಗಾಡಿಯಡಿ ನುಗ್ಗಿ ನಟ್ ತಿರುಗಿಸಿದೆ. ಬೆರಳಲ್ಲಿ ಮುಟ್ಟಿದರೂ ಪೆಡಲ್ ಗಟ್ಟಿ ಅನ್ನಿಸಬೇಕು, ಹಾಗೆ ಮಾಡಿಟ್ಟೆ. ಮೂರು ವಾರ ಖುಷಿಯಾಗಿ ಓಡಿಸಿದೆ. ಆಮೇಲೆ ಒಂದು ದಿನ ಉಜಿರೆ ಕಡೆಯಿಂದ ಹಂಚು ತುಂಬಿಕೊಂಡು ಚಾರ್ಮಾಡಿ ಘಾಟಿ ಹತ್ತುತ್ತಿದ್ದೆ. ಇಂಜಿನ್ ಕಿರುಚುತ್ತಿದೆ, ಗಾಡಿ ಮಾತ್ರ ಹತ್ತುತ್ತಿಲ್ಲ. ಸುಟ್ಟ ವಾಸನೆ ಬೇರೆ. ತಿರುವಿನಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ, ಅರ್ಧ ಹಂಚು ರಸ್ತೆ ಬದಿಗೆ ಇಳಿಸಿ, ಹೇಗೋ ಕೊಟ್ಟಿಗೆಹಾರ ತಲುಪಿದ್ದಾಯಿತು.

ಗೇರ್‌ಬಾಕ್ಸ್ ಇಳಿಸಿದ ಹಳೇ ಮೆಕ್ಯಾನಿಕ್ ಕ್ಲಚ್ ಬಿಡಿಸುವ ಬೇರಿಂಗ್, ಅಂದರೆ ರಿಲೀಸ್ ಬೇರಿಂಗ್ ಕೈಗೆ ತೆಗೆದುಕೊಂಡು, ನನ್ನ ಕಿವಿ ಹತ್ತಿರ ಹಿಡಿದು ತಿರುಗಿಸಿದರು. ಒಳಗೆ ಮರಳು ಹಾಕಿ ಅರೆದ ಹಾಗೆ ಸದ್ದು. “ಪೆಡಲ್ಲಿನ ಲೂಸು ತೆಗೆದವರು ಯಾರು ಮಾರಾಯ?” ಅಂದರು. ನಾನು ಉತ್ತರ ಕೊಡಲಿಲ್ಲ.

ಆವತ್ತಿನಿಂದ ಈ ಕೆಲಸ ನಾನೇ ಮಾಡುತ್ತಿದ್ದೇನೆ, ಆದರೆ ನಿಧಾನಕ್ಕೆ. ನಟ್ ತಿರುಗಿಸುವುದು ಐದು ನಿಮಿಷದ್ದು. ಅದಕ್ಕೂ ಮೊದಲು ನೋಡುವುದೇ ಜಾಸ್ತಿ. ಮಹೀಂದ್ರದವರು 1947ರಲ್ಲಿ ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರು ಮಾಡಿದರು. ಎತ್ತರದ ಬಾನೆಟ್ಟಿನ ಸಿಜೆ-3ಬಿಯನ್ನು ಅಮೆರಿಕದಲ್ಲಿ ವಿಲ್ಲಿಸ್ ಕಂಪನಿ 1953ರಲ್ಲಿ ತಂದಿತು. ನಾನು ಹೇಳುವುದು ಆ ಕಾಲದ, ಕೇಬಲ್ ಎಳೆದು ಕ್ಲಚ್ ಬಿಡಿಸುವ ಜೋಡಣೆಯ ಬಗ್ಗೆ.

ಆ ಒಂದು ಇಂಚು ಯಾಕೆ ಬೇಕು

ಪೆಡಲ್ ತುಳಿದಾಗ ಏನೇನು ಅಲ್ಲಾಡುತ್ತದೆ ಅನ್ನುವುದನ್ನು ಮೊದಲು ತಲೆಯಲ್ಲಿ ಕೂರಿಸಿಕೊಳ್ಳಿ. ಪೆಡಲ್ ನೆಲದ ತಗಡಿನಿಂದ ಕೆಳಗಿಳಿದು ಚಾಸಿ ಬದಿಯ ಶಾಫ್ಟಿನ ಮೇಲೆ ಕೂತಿದೆ. ಅಲ್ಲಿಂದ ಒಂದು ಗಿಡ್ಡ ರಾಡ್. ರಾಡ್ ಎಳೆಯುವುದು ಅಡ್ಡಡ್ಡ ಇರುವ ಒಂದು ಕೊಳವೆಯ ಲಿವರನ್ನು. ಆ ಅಡ್ಡ ಕೊಳವೆಯ ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಇಂಜಿನ್-ಗೇರ್‌ಬಾಕ್ಸ್ ಕಡೆಗೆ, ಎರಡೂ ಕಡೆ ಗುಂಡು ತಲೆಯ ಬೋಲ್ಟಿನ ಮೇಲೆ ಕೂತಿರುತ್ತದೆ. ಕೊಳವೆಯ ಇನ್ನೊಂದು ಲಿವರಿನಿಂದ ದಪ್ಪ ಕೇಬಲ್ ಹೊರಟು, ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗಿನ ಫೋರ್ಕ್ (ಕವಲು ಲಿವರ್) ಎಳೆಯುತ್ತದೆ. ಫೋರ್ಕ್ ರಿಲೀಸ್ ಬೇರಿಂಗನ್ನು ಮುಂದೆ ತಳ್ಳುತ್ತದೆ. ಕ್ಲಚ್ ಪ್ಲೇಟನ್ನು ಇಂಜಿನ್ನಿನ ಫ್ಲೈವೀಲ್ ಚಕ್ರಕ್ಕೆ ಒತ್ತಿ ಹಿಡಿಯುವುದು ಪ್ರೆಷರ್ ಪ್ಲೇಟ್. ಬೇರಿಂಗ್ ಹೋಗಿ ಅದರ ಮೂರು ಬೆರಳುಗಳನ್ನು, ಅಂದರೆ ಸಣ್ಣ ಲಿವರುಗಳನ್ನು, ಒತ್ತಿದಾಗ ಕ್ಲಚ್ ಬಿಡುತ್ತದೆ.

ಕಾಲು ತೆಗೆದಾಗ ಈ ಬೇರಿಂಗ್ ಬೆರಳುಗಳಿಂದ ಪೂರ್ತಿ ದೂರ ಸರಿಯಬೇಕು. ದೂರ ಅಂದರೆ ಒಂದೆರಡು ಮಿಲಿಮೀಟರ್ ಅಷ್ಟೇ. ಅದೇ ಪೆಡಲ್ ಹತ್ತಿರ ಬರುವಾಗ ಲಿವರುಗಳ ಲೆಕ್ಕದಲ್ಲಿ ಹಿಗ್ಗಿ ಒಂದು ಇಂಚು ಆಗುತ್ತದೆ. ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಎಂಬಿ ಜೀಪಿಗೆ ಮುಕ್ಕಾಲು ಇಂಚು, ಆಮೇಲಿನ ಸಿಜೆಗಳಿಗೆ ಸುಮಾರು 1 ಇಂಚು. ಮೆಕ್ಯಾನಿಕ್‌ಗಳು ಇದಕ್ಕೆ ‘ಪ್ಲೇ’ ಅನ್ನುತ್ತಾರೆ.

ಪ್ಲೇ ಇಲ್ಲದಿದ್ದರೆ ಎರಡು ತೊಂದರೆ. ಬೇರಿಂಗ್ ಬಿಡುವೇ ಇಲ್ಲದೆ ಇಂಜಿನ್ ಜೊತೆ ತಿರುಗುತ್ತಲೇ ಇರುತ್ತದೆ, ಅದರೊಳಗಿನ ಗ್ರೀಸ್ ಸುಟ್ಟು ಹೋಗುತ್ತದೆ. ಜೊತೆಗೆ ಬೆರಳುಗಳ ಮೇಲೆ ಸದಾ ಸ್ವಲ್ಪ ಒತ್ತಡ ಇರುವುದರಿಂದ ಪ್ಲೇಟ್ ಗಟ್ಟಿಯಾಗಿ ಹಿಡಿಯುವುದಿಲ್ಲ, ಏರಿನಲ್ಲಿ ಸ್ಲಿಪ್ ಹೊಡೆಯುತ್ತದೆ. ನನಗೆ ಆದದ್ದು ಎರಡೂ. ಪ್ಲೇ ಜಾಸ್ತಿಯಾದರೆ ಉಲ್ಟಾ: ಪೆಡಲ್ ನೆಲ ಮುಟ್ಟಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಹಾಕುವಾಗ ಕರಕರ ಅನ್ನುತ್ತದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ತಲೆಕೆಳಗಾಗಿ ಅರ್ಥವಾಗಿರುತ್ತದೆ. ಕ್ಲಚ್ ಪ್ಲೇಟ್ ಸವೆದಂತೆ ಪ್ಲೇ ಜಾಸ್ತಿ ಆಗುವುದಿಲ್ಲ, ಕಡಿಮೆ ಆಗುತ್ತದೆ. ಪ್ಲೇಟ್ ತೆಳುವಾದಷ್ಟೂ ಪ್ರೆಷರ್ ಪ್ಲೇಟ್ ಫ್ಲೈವೀಲ್ ಕಡೆ ಸರಿಯುತ್ತದೆ, ಬೆರಳುಗಳ ಒಳತುದಿ ಹಿಂದಕ್ಕೆ, ಬೇರಿಂಗ್ ಕಡೆಗೆ ಬರುತ್ತದೆ. ಪ್ಲೇ ಜಾಸ್ತಿ ಆಗುವುದು ಹೊರಗಿನ ಪಿನ್ನು, ಬುಷ್ ಸವೆದಾಗ, ಕೇಬಲ್ ಹಿಗ್ಗಿದಾಗ. ಒಂದೇ ಗಾಡಿಯಲ್ಲಿ ಈ ಎರಡೂ ಒಟ್ಟಿಗೆ ನಡೆಯುತ್ತಿದ್ದರೆ ಪೆಡಲ್ಲಿನಲ್ಲಿ ಸರಿಯಾಗಿ ಒಂದು ಇಂಚೇ ಕಾಣುತ್ತದೆ, ಒಳಗೆ ಮಾತ್ರ ಬೇರಿಂಗ್ ಉಜ್ಜುತ್ತಿರುತ್ತದೆ. ಅದಕ್ಕೇ ಪೆಡಲ್ ಅಳೆದು ಮುಗಿಸಬೇಡಿ ಅನ್ನುವುದು. ಫೋರ್ಕ್ ಹತ್ತಿರವೂ ಕೈ ಹಾಕಬೇಕು. ಹೇಗೆ ಅಂತ ಮುಂದೆ ಹೇಳುತ್ತೇನೆ.

ರೋಗ ಯಾವುದು ಅಂತ ಮೊದಲು ನೋಡಿ

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಇಂಜಿನ್ ಬಿಸಿಯಾಗಲಿ, ಐಡಲ್‌ನಲ್ಲಿ ಓಡಲಿ. ಪೆಡಲ್ ಪೂರ್ತಿ ತುಳಿದು ಹತ್ತು ಎಣಿಸಿ, ಆಮೇಲೆ ನಿಧಾನಕ್ಕೆ ರಿವರ್ಸ್ ಹಾಕಿ. ಈ ಜೀಪುಗಳ ಮೂರು ಗೇರಿನ ಟಿ-90 ಬಾಕ್ಸಿನಲ್ಲಿ ಒಂದನೇ ಗೇರಿಗೂ ರಿವರ್ಸಿಗೂ ಸಿಂಕ್ರೊ (ಗೇರುಗಳ ವೇಗ ಹೊಂದಿಸಿ ಕೊಡುವ ಭಾಗ) ಇಲ್ಲ. ಆದ್ದರಿಂದ ಪರೀಕ್ಷೆಗೆ ರಿವರ್ಸೇ ಸರಿ, ಅದು ಸುಳ್ಳು ಹೇಳುವುದಿಲ್ಲ. ಹತ್ತು ಎಣಿಸಿದ ಮೇಲೂ ಕರಕರ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ತುಳಿದ ತಕ್ಷಣ ಹಾಕಿದರೆ ಸರಿಯಿರುವ ಕ್ಲಚ್ಚೂ ಕರಕರ ಅನ್ನುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸ್ಲಿಪ್ ನೋಡುವುದಕ್ಕೆ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಡಿ. ಹ್ಯಾಂಡ್ ಬ್ರೇಕ್ ಎಳೆಯಿರಿ. ಗಾಡಿ ಮುಂದೆ ಯಾರೂ ನಿಲ್ಲಬಾರದು. ಟಾಪ್ ಗೇರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಡಿ. ಇಂಜಿನ್ ತಕ್ಷಣ ಆಫ್ ಆಗಬೇಕು. ಆಗದೆ ಗುಂಯ್ ಅಂತ ಓಡುತ್ತಲೇ ಇದ್ದರೆ ಕ್ಲಚ್ ಹಿಡಿಯುತ್ತಿಲ್ಲ. ಒಂದು ಸಲ ಸಾಕು. ನಾಲ್ಕು ಜನಕ್ಕೆ ತೋರಿಸಲು ನಾಲ್ಕು ಸಲ ಮಾಡಿದರೆ ಇದ್ದ ಪ್ಲೇಟೂ ಹೋಗುತ್ತದೆ.

ಮೂರನೆಯದು ಕಿವಿಗೆ. ಪೆಡಲ್ ಮೇಲೆ ಕಾಲು ಸ್ವಲ್ಪ ಇಟ್ಟ ಕೂಡಲೇ ಕಿರ್ರ್ ಅಂತ ಶುರುವಾಗಿ, ಕಾಲು ತೆಗೆದರೆ ನಿಂತರೆ ಅದು ರಿಲೀಸ್ ಬೇರಿಂಗ್. ನಟ್ ತಿರುಗಿಸಿ ಅದನ್ನು ಗುಣ ಮಾಡಲು ಆಗದು. ಅದಕ್ಕೆ ಗೇರ್‌ಬಾಕ್ಸ್ ಇಳಿಯಲೇಬೇಕು.

ಗಾಡಿಯಡಿ ಹೋಗುವ ಮುಂಚೆ

ಬ್ಯಾಟರಿಯ ಒಂದು ಟರ್ಮಿನಲ್ ಬಿಚ್ಚಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಹಳೇ ಜೀಪುಗಳಲ್ಲಿ ಸ್ಟಾರ್ಟರ್ ಬಟನ್ ಕಾಲ ಬಳಿ, ನೆಲದ ಮೇಲೆ ಇರುತ್ತದೆ. ನೀವು ಕೆಳಗೆ ಮಲಗಿ “ಪೆಡಲ್ ಒತ್ತಪ್ಪಾ” ಅಂದಾಗ ಮೇಲಿರುವ ಹುಡುಗ ಆ ಬಟನ್ ಒತ್ತಿದರೆ? ಗೇರಲ್ಲಿದ್ದರೆ ಗಾಡಿ ನಿಮ್ಮ ಮೇಲೇ ಹೊರಡುತ್ತದೆ.

ಎರಡನೆಯದು ಹ್ಯಾಂಡ್ ಬ್ರೇಕ್. ಜೀಪಿನ ಹ್ಯಾಂಡ್ ಬ್ರೇಕ್ ಚಕ್ರಕ್ಕೆ ಹಿಡಿಯುವುದಲ್ಲ. ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟಿನ ತುದಿಗೆ ಹಿಡಿಯುತ್ತದೆ. ಹಿಂದಿನ ಒಂದು ಚಕ್ರವನ್ನು ಜಾಕ್ ಕೊಟ್ಟು ಎತ್ತಿದಿರಿ ಅನ್ನಿ, ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಮೂಲಕ ಆ ಚಕ್ರ ಗಾಳಿಯಲ್ಲಿ ತಿರುಗುತ್ತದೆ, ಕೆಳಗಿರುವ ಚಕ್ರ ಉರುಳುತ್ತದೆ, ಬ್ರೇಕ್ ಎಳೆದಿದ್ದರೂ ಗಾಡಿ ಜಾರುತ್ತದೆ. ಗೇರಲ್ಲಿ ಇಟ್ಟರೂ ಅಷ್ಟೇ. ಆದ್ದರಿಂದ ನಾಲ್ಕೂ ಚಕ್ರ ನೆಲದ ಮೇಲಿರಲಿ, ಮರದ ತುಂಡು ಇರಲಿ. ಜೀಪ್ ಎತ್ತರದ ಗಾಡಿ, ಈ ಕೆಲಸಕ್ಕೆ ಜಾಕ್ ಬೇಕಾಗುವುದೂ ಇಲ್ಲ. ಗೋಣಿಚೀಲ ಹಾಸಿ ಮಲಗಿದರೆ ಆಯಿತು. ಮಳೆಗಾಲವಾದರೆ ಅಂಗಳದ ಸಿಮೆಂಟ್ ಜಾಗ ನೋಡಿಕೊಳ್ಳಿ. ಎರಡೂ ಕೈ ಗ್ರೀಸಾಗಿರುವಾಗ ಕುತ್ತಿಗೆಗೆ ಹತ್ತಿದ ಇಂಬಳ ಕೀಳುವುದು ಎಂಥ ಕಷ್ಟ ಅಂತ ನನಗೆ ಗೊತ್ತು.

ಸಾಮಾನು ಹೆಚ್ಚೇನಿಲ್ಲ. ಇಂಚಿನ ಸ್ಪಾನರ್ ಎರಡು ಮೂರು: 7/16, 1/2, 9/16. ಅರ್ಧ ಇಂಚಿನ ನಟ್ಟಿಗೆ 13ರ ಸ್ಪಾನರ್ ಕೂರುತ್ತದೆ ನಿಜ, ಆದರೆ 1/2 ಇಂಚು ಅಂದರೆ 12.7 ಮಿಲಿಮೀಟರ್. ತುಕ್ಕು ಹಿಡಿದ ನಟ್ಟಿಗೆ ಆ ಚೂರು ಸಡಿಲವೇ ಮೂಲೆ ಸವೆಸಲು ಸಾಕು. ಕಟಿಂಗ್ ಪ್ಲೇಯರ್, ಸ್ಕ್ರೂ ಡ್ರೈವರ್, ತಂತಿ ಬ್ರಷ್, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್, ಗ್ರೀಸ್, ಹೊಸ ಸ್ಪ್ಲಿಟ್ ಪಿನ್ನುಗಳು, ಒಂದು ಸ್ಕೇಲು, ಸೀಮೆಸುಣ್ಣ.

ಮಣ್ಣು ಕೆರೆದು, ಒಂದೊಂದೇ ಪಿನ್ ಅಲ್ಲಾಡಿಸಿ

ಕೆಲಸದ ಜೀವ ಇರುವುದು ಇಲ್ಲಿ. ತೋಟದ ಗಾಡಿಯಾದರೆ ಅಡ್ಡ ಕೊಳವೆ ಕಾಣುವುದೇ ಇಲ್ಲ, ಹತ್ತು ವರ್ಷದ ಕೆಂಪು ಮಣ್ಣು ಗ್ರೀಸ್ ಜೊತೆ ಸೇರಿ ಗಟ್ಟಿಯಾಗಿರುತ್ತದೆ. ಕೆರೆದು, ಬ್ರಷ್ ಹಾಕಿ, ಸೀಮೆಎಣ್ಣೆಯಲ್ಲಿ ಒರೆಸಿ. ಬೆಲ್ ಹೌಸಿಂಗ್ ಒಳಗೆ ಮಾತ್ರ ಸೀಮೆಎಣ್ಣೆ ಚಿಮ್ಮಿಸಬೇಡಿ. ಬೇರಿಂಗಿಗೆ ತುಂಬಿದ ಗ್ರೀಸ್ ತೊಳೆದು ಹೋಗುತ್ತದೆ, ಪ್ಲೇಟಿಗೂ ತಾಗುತ್ತದೆ. ನಟ್, ಥ್ರೆಡ್ ಮೇಲೆ ತುಕ್ಕು ಬಿಡಿಸುವ ಎಣ್ಣೆ ಈಗಲೇ ಹಾಕಿಟ್ಟರೆ ಉಳಿದದ್ದು ನೋಡುವಷ್ಟರಲ್ಲಿ ಅದು ಇಳಿದಿರುತ್ತದೆ.

ಈಗ ಪೆಡಲ್ ಶಾಫ್ಟಿನಿಂದ ಶುರು ಮಾಡಿ. ಪೆಡಲ್ಲನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ತೂಗಾಡಿದರೆ ಶಾಫ್ಟೋ ಬುಷ್ಷೋ ಸವೆದಿದೆ. ಆಮೇಲೆ ರಾಡಿನ ಎರಡೂ ತುದಿಯ ಪಿನ್. ಪಿನ್ ಹೊರಗೆ ತೆಗೆದು ನೋಡಿ. ನನ್ನ ಗಾಡಿಯ ಒಂದು ಪಿನ್ ಮಧ್ಯದಲ್ಲಿ ಕಬ್ಬು ಕಚ್ಚಿದ ಹಾಗೆ ಅರ್ಧ ತಿಂದು ಹೋಗಿತ್ತು, ಲಿವರಿನ ತೂತು ಮೊಟ್ಟೆಯಾಕಾರ ಆಗಿತ್ತು. ಅಲ್ಲೇ ಪೆಡಲ್ಲಿನ ಅರ್ಧ ಇಂಚು ತಪ್ಪಿಹೋಗುತ್ತಿತ್ತು. ಪಿನ್ ಹತ್ತಿಪ್ಪತ್ತು ರೂಪಾಯಿಯ ವಸ್ತು, ಹೊಸದೇ ಹಾಕಿ. ತೂತು ಉದ್ದವಾಗಿದ್ದರೆ ವೆಲ್ಡ್ ತುಂಬಿಸಿ, ಲೇತ್ ಅಂಗಡಿಯಲ್ಲಿ ಮತ್ತೆ ಸರಿಯಾಗಿ ಕೊರೆಸಬೇಕು. ದಪ್ಪ ಬೋಲ್ಟ್ ತುರುಕಿ ಸುಧಾರಿಸುವವರಿದ್ದಾರೆ. ಬೋಲ್ಟಿನ ಥ್ರೆಡ್ ಅರದ ಕೆಲಸ ಮಾಡುತ್ತದೆ, ತೂತು ಇನ್ನೂ ಬೇಗ ಹಾಳಾಗುತ್ತದೆ.

ಅಡ್ಡ ಕೊಳವೆಯ ಎರಡು ಗುಂಡು ತಲೆಗಳನ್ನೂ ಹಾಗೇ ನೋಡಿ. ಕೊಳವೆಯನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಎತ್ತಿದರೆ ಟಕ್ ಟಕ್ ಅನ್ನಬಾರದು. ಗ್ರೀಸ್ ನಿಪ್ಪಲ್ ಇದ್ದರೆ ಹಳೇ ಕಪ್ಪು ಗ್ರೀಸ್ ಹೊರಬರುವ ತನಕ ಗನ್ ಒತ್ತಿ. ಕೇಬಲ್ಲಿನ ಒಂದು ಎಳೆ ಕಿತ್ತು ಮುಳ್ಳಿನ ಹಾಗೆ ನಿಂತಿದ್ದರೂ ಕೇಬಲ್ ಬದಲಾಯಿಸಿ. ಘಾಟಿಯಲ್ಲಿ ಕಡಿದರೆ ಹಗ್ಗ ಕಟ್ಟಿ ಬರಲಾಗುವುದಿಲ್ಲ. ರಿಟರ್ನ್ ಸ್ಪ್ರಿಂಗ್ ಇದೆಯಾ? ಎಷ್ಟೋ ಗಾಡಿಯಲ್ಲಿ ಅದರ ಜಾಗದಲ್ಲಿ ಸೈಕಲ್ ಟ್ಯೂಬ್ ಇರುತ್ತದೆ. ಸ್ಪ್ರಿಂಗ್ ಸೋತರೆ ಪೆಡಲ್ ಪೂರ್ತಿ ಮೇಲೆ ಬರುವುದಿಲ್ಲ, ನೀವು ಅಳೆಯುವ ಅಳತೆಯೇ ಸುಳ್ಳು.

ಇಂಜಿನ್ ಕೂತ ರಬ್ಬರುಗಳನ್ನೂ ಮರೆಯಬೇಡಿ. ಅಡ್ಡ ಕೊಳವೆಯ ಒಂದು ತುದಿ ಇಂಜಿನ್ ಕಡೆ, ಇನ್ನೊಂದು ಚಾಸಿ ಕಡೆ ಅಂದೆನಲ್ಲ? ರಬ್ಬರ್ ಸತ್ತು ಇಂಜಿನ್ ಓಲಾಡಿದರೆ ಇಡೀ ಲೆಕ್ಕ ಓಲಾಡುತ್ತದೆ. ಕ್ಲಚ್ ಬಿಡುವಾಗ ಗಾಡಿ ಗಡಗಡ ನಡುಗುವುದಕ್ಕೂ ಇದೇ ಕಾರಣ ಇರಬಹುದು. ಹಳೇ ವಿಲ್ಲಿಸ್‌ಗಳಲ್ಲಿ ಕ್ಲಚ್ ತುಳಿದಾಗ ಇಂಜಿನ್ ಮುಂದಕ್ಕೆ ಸರಿಯದಂತೆ ಹಿಡಿಯಲು ಚಾಸಿಯ ಅಡ್ಡಪಟ್ಟಿಗೆ ಕಟ್ಟಿದ ಒಂದು ಸ್ಟೇ ಕೇಬಲ್ ಇರುತ್ತದೆ. ಅದು ಜೋತು ಬಿದ್ದಿರಬಾರದು. ಬಹಳ ಗಾಡಿಗಳಲ್ಲಿ ಯಾರೋ ಯಾವಾಗಲೋ ಬಿಚ್ಚಿ ಬಿಸಾಡಿರುತ್ತಾರೆ.

ಮಲೆನಾಡಿನಲ್ಲಿ ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಕೂರಿಸಿದ ಜೀಪುಗಳೂ ಬೇಕಾದಷ್ಟಿವೆ. ಅಂಥದ್ದರಲ್ಲಿ ಜೋಡಣೆಯನ್ನು ವೆಲ್ಡರ್ ತನ್ನ ಅಂದಾಜಿನಲ್ಲಿ ಮಾಡಿರುತ್ತಾನೆ. ಯಾವುದು ಯಾವುದನ್ನು ಎಳೆಯುತ್ತದೆ ಅಂತ ಕಣ್ಣಲ್ಲಿ ನೋಡಿಯೇ ಮುಂದುವರಿಯಿರಿ.

ಅಳೆಯುವುದು

ಪೆಡಲ್ ಅಡಿಯ ಮ್ಯಾಟ್, ಗೋಣಿ ಏನಿದ್ದರೂ ತೆಗೆಯಿರಿ. ಸ್ಕೇಲನ್ನು ಪೆಡಲ್ ಪಕ್ಕ ನೆಲಕ್ಕೆ ಊರಿ, ಪೆಡಲ್ ಮೇಲ್ಭಾಗ ಎಲ್ಲಿದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಈಗ ಕೈಯಲ್ಲಿ ಒತ್ತಿ. ಕಾಲಲ್ಲಿ ಬೇಡ, ಕಾಲಿಗೆ ಗೊತ್ತಾಗುವುದಿಲ್ಲ. ಮೊದಲು ಬರೀ ರಿಟರ್ನ್ ಸ್ಪ್ರಿಂಗಿನ ಮೆತ್ತನೆ ಎಳೆತ ಸಿಗುತ್ತದೆ. ಆಮೇಲೆ ಒಂದು ಕಡೆ ಗೋಡೆಗೆ ತಾಗಿದ ಹಾಗೆ ಗಟ್ಟಿಯಾಗುತ್ತದೆ. ಬೇರಿಂಗ್ ಬೆರಳಿಗೆ ತಾಗಿದ್ದು ಅಲ್ಲೇ. ಎರಡು ಗುರುತಿನ ನಡುವಿನ ಅಂತರವೇ ಪ್ಲೇ. ಮೂರು ಸಲ ಅಳೆಯಿರಿ.

ಆಮೇಲೆ ಕೆಳಗೆ ಹೋಗಿ ಬೆಲ್ ಹೌಸಿಂಗಿನಿಂದ ಹೊರಬಂದ ಫೋರ್ಕಿನ ತುದಿಯನ್ನು ಬೆರಳಲ್ಲಿ ಹಿಡಿದು, ಕೇಬಲ್ ಎಳೆಯುವ ದಿಕ್ಕಿಗೇ ಅಲ್ಲಾಡಿಸಿ. ಕೆಲವು ಮಿಲಿಮೀಟರ್ ಸಲೀಸಾಗಿ ಬರಬೇಕು. ಪೆಡಲ್ಲಿನಲ್ಲಿ ಒಂದು ಇಂಚು ಇದ್ದು, ಫೋರ್ಕ್ ಮಾತ್ರ ಅಲುಗದಿದ್ದರೆ ನಿಮ್ಮ ಪ್ಲೇ ಎಲ್ಲ ಸವೆದ ಪಿನ್ನುಗಳಲ್ಲಿ ಇದೆ, ಬೇರಿಂಗಿನಲ್ಲಿ ಇಲ್ಲ ಅಂತ ಅರ್ಥ. ಆಗ ನಟ್ ಮುಟ್ಟದೆ ಮೊದಲು ಪಿನ್ ಬದಲಾಯಿಸಿ.

ತಿರುಗಿಸುವುದು

ಅಡ್ಡ ಕೊಳವೆಯ ಲಿವರ್ ಹತ್ತಿರ ಕೇಬಲ್ ತುದಿಗೆ ಯು ಆಕಾರದ ಒಂದು ಕೊಂಡಿ ಇದೆ, ಅದರ ಬುಡದಲ್ಲಿ ಲಾಕ್ ನಟ್. ಕೊಂಡಿಯನ್ನು ಒಂದು ಸ್ಪಾನರಿನಲ್ಲಿ ಹಿಡಿದು ಇನ್ನೊಂದರಲ್ಲಿ ಲಾಕ್ ನಟ್ ಸಡಿಲ ಮಾಡಿ. ಒಂದೇ ಸ್ಪಾನರ್ ಹಾಕಿ ಎಳೆದರೆ ಕೇಬಲ್ ಹಗ್ಗ ಹುರಿ ಮಾಡಿದ ಹಾಗೆ ತಿರುಚಿಕೊಳ್ಳುತ್ತದೆ, ಎಳೆಗಳು ಬಿಚ್ಚಿಕೊಳ್ಳುತ್ತವೆ. ನಟ್ ಬಿಟ್ಟ ಮೇಲೆ ಕೇಬಲ್ ತುದಿಯ ಲೋಹದ ಭಾಗವನ್ನು ಸ್ಪಾನರಿನಲ್ಲಿ ಹಿಡಿದು ತಿರುಗಿಸಿ. ಅದು ಬಿಗಿಯಾಗಿದ್ದರೆ ಸ್ಪ್ಲಿಟ್ ಪಿನ್, ಕೊಂಡಿಯನ್ನು ಲಿವರಿಗೆ ಹಿಡಿದಿರುವ ಕ್ಲೆವಿಸ್ ಪಿನ್ ತೆಗೆದು, ಕೊಂಡಿಯನ್ನು ಹೊರಗೆ ಬಿಡಿಸಿ ತಿರುಗಿಸುವುದು ಸುಲಭ.

ಯಾವ ಕಡೆಗೆ? ಕೇಬಲ್ ಉದ್ದ ಆದರೆ ಪ್ಲೇ ಜಾಸ್ತಿ, ಗಿಡ್ಡ ಆದರೆ ಪ್ಲೇ ಕಡಿಮೆ. ಎಳೆಯುವ ಜೋಡಣೆಗೆ ಈ ಲೆಕ್ಕ. ಫೋರ್ಕನ್ನು ರಾಡಿನಿಂದ ತಳ್ಳುವ ಜೋಡಣೆಯಾದರೆ ತಿರುಗುಮುರುಗು, ರಾಡ್ ಗಿಡ್ಡ ಆದಷ್ಟೂ ಪ್ಲೇ ಜಾಸ್ತಿ.

ಒಂದು ಸಲಕ್ಕೆ ಅರ್ಧ ಸುತ್ತು, ಹೆಚ್ಚೆಂದರೆ ಒಂದು ಸುತ್ತು. ಆಮೇಲೆ ಮೇಲೆ ಹೋಗಿ ಅಳೆಯಿರಿ. ಹತ್ತಿ ಇಳಿಯುವುದು ಬೇಜಾರು ಅನ್ನಿಸಿದರೆ ಮನೆಯವರನ್ನು ಯಾರನ್ನಾದರೂ ಸೀಟಿನಲ್ಲಿ ಕೂರಿಸಿ ಸ್ಕೇಲ್ ಕೊಡಿ. ಒಂದು ಇಂಚು ಬಂತಾ? ಫೋರ್ಕಿನಲ್ಲೂ ಆಟ ಇದೆಯಾ? ಹಾಗಾದರೆ ಕೊಂಡಿ ಹಿಡಿದುಕೊಂಡೇ ಲಾಕ್ ನಟ್ ಬಿಗಿ ಮಾಡಿ, ಹೊಸ ಸ್ಪ್ಲಿಟ್ ಪಿನ್ ಹಾಕಿ ಎರಡೂ ಕಾಲು ಅಗಲಿಸಿ ಬಗ್ಗಿಸಿ. ಬಿಗಿ ಮಾಡುವಾಗ ಸ್ವಲ್ಪ ಸರಿದಿರುತ್ತದೆ, ಮತ್ತೊಮ್ಮೆ ಅಳೆಯಿರಿ. ಸಂಶಯ ಇದ್ದರೆ ಪ್ಲೇ ಕಾಲು ಇಂಚು ಜಾಸ್ತಿ ಇರಲಿ ಅನ್ನುತ್ತೇನೆ. ಕರಕರ ಅಂದರೆ ಕಿವಿಗೆ ತಕ್ಷಣ ಕೇಳುತ್ತದೆ. ಬೇರಿಂಗ್ ಉಜ್ಜುವುದು ಕೆಡುವ ತನಕ ಗೊತ್ತಾಗುವುದಿಲ್ಲ.

ಕೊಂಡಿಯೊಳಗೆ ಎಷ್ಟು ಥ್ರೆಡ್ ಕೂತಿದೆ ಅಂತಲೂ ನೋಡಿ. ಕಡಿಮೆ ಅಂದರೂ ಆ ತುದಿಯ ದಪ್ಪದಷ್ಟು ಉದ್ದ ಒಳಗಿರಬೇಕು. ಪ್ಲೇ ತರಲು ಬಿಚ್ಚುತ್ತಾ ಹೋಗಿ ಎರಡೇ ಥ್ರೆಡ್ ಉಳಿದರೆ ಪ್ಲೇಟ್ ಮುಗಿದಿದೆ, ಅದನ್ನು ಒಪ್ಪಿಕೊಳ್ಳಿ. ಫೋರ್ಕ್ ಬಗ್ಗಿಸುವುದು, ಲಿವರ್ ಕತ್ತರಿಸಿ ವೆಲ್ಡ್ ಮಾಡುವುದು, ಇವೆಲ್ಲ ಒಂದು ತಿಂಗಳ ಬದುಕು.

ಓಡಿಸಿ ನೋಡುವುದು

ಬ್ಯಾಟರಿ ಜೋಡಿಸಿ, ಮೊದಲಿನ ರಿವರ್ಸ್ ಪರೀಕ್ಷೆ, ಸ್ಲಿಪ್ ಪರೀಕ್ಷೆ ಮತ್ತೆ ಮಾಡಿ. ಆಮೇಲೆ ಒಂದು ಏರು ಹತ್ತಿಸಿ ಬನ್ನಿ. ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಅಳೆಯಿರಿ, ಹೊಸ ಪಿನ್ನು ಕೇಬಲ್ಲು ಹಾಕಿದ್ದರೆ ಸ್ವಲ್ಪ ಕೂತಿರುತ್ತವೆ.

ಎಲ್ಲ ಸರಿಯಿದ್ದೂ ಸ್ಲಿಪ್ ಹೊಡೆದರೆ ಬೆಲ್ ಹೌಸಿಂಗಿನ ಅಡಿಯ ತೂತು ನೋಡಿ. ಅಲ್ಲಿಂದ ಆಯಿಲ್ ತೊಟ್ಟಿಕ್ಕುತ್ತಿದ್ದರೆ ಕ್ರ್ಯಾಂಕಿನ ಹಿಂದಿನ ಸೀಲ್ ಸೋರಿ ಪ್ಲೇಟಿಗೆ ಎಣ್ಣೆ ತಾಗಿರಬಹುದು. ಈ ಇಂಜಿನ್ನುಗಳಿಗೆ ಅದು ಹಳೇ ಚಾಳಿ. ಪ್ಲೇ ಸರಿಯಿದ್ದೂ ಕ್ಲಚ್ ಬಿಡದಿದ್ದರೆ, ಮಳೆಗಾಲ ಪೂರ್ತಿ ಗಾಡಿ ನಿಂತಿತ್ತಾ ಅಂತ ಕೇಳಿಕೊಳ್ಳಿ. ತೇವಕ್ಕೆ ಪ್ಲೇಟ್ ಫ್ಲೈವೀಲಿಗೆ ಅಂಟಿಕೊಂಡಿರುತ್ತದೆ. ಅದಕ್ಕೆ ಕೇಬಲ್ ಎಳೆದು ಪ್ರಯೋಜನ ಇಲ್ಲ.

ನಾನು ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಒಂದು ಸಣ್ಣ ಪುಸ್ತಕ ಇಟ್ಟಿದ್ದೇನೆ. ಪ್ರತಿ ಸಲ ಸೆಟ್ ಮಾಡಿದಾಗ ತಾರೀಕು, ಲಾಕ್ ನಟ್ಟಿನ ಹೊರಗೆ ಕಾಣುವ ಥ್ರೆಡ್ ಎಷ್ಟು, ಇಷ್ಟನ್ನೇ ಬರೆಯುತ್ತೇನೆ. ಥ್ರೆಡ್ ಹೊರಬರುತ್ತಾ ಇದ್ದರೆ ಪ್ಲೇಟ್ ಸವೆಯುತ್ತಿದೆ. ಒಳಗೆ ಹೋಗುತ್ತಾ ಇದ್ದರೆ ಪಿನ್ನೋ ಕೇಬಲ್ಲೋ ಸವೆಯುತ್ತಿದೆ. ಹೋದ ಮಳೆಗಾಲದ ಮುಂಚೆ ಐದು ಇತ್ತು. ಮೊನ್ನೆ ಎಣಿಸಿದೆ, ಏಳು. ಪ್ಲೇಟಿಗೆ ಹೇಳಿಟ್ಟಿದ್ದೇನೆ, ಕೊಯ್ಲಿಗೆ ಮುಂಚೆ ಸಿಕ್ಕಿದರೆ ಒಳ್ಳೆಯದು.